ತಾಯಿಮಡುವಿಗೆ ಬಿಟ್ಟ ನೀರು

ಕಳೆದ ಬೇಸಿಗೆಯಲ್ಲಿ ಕಲ್ಲೂರಿನ ಹೊರಗಿನ ಒಂದು ಸಣ್ಣ ಕೆರೆಗೆ ನೀರು ಬಿಡುವ ಹಲಗೆಯನ್ನು ನನ್ನ ಕೈಯಾರೆ ಎತ್ತಿದೆ. ಎತ್ತಬಾರದಿತ್ತು. ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎಂಬುದನ್ನು ಆದ ಕ್ರಮದಲ್ಲೇ ಬರೆದಿಡುತ್ತೇನೆ.

ನಾನು ಕಾಲುವೆಯಲ್ಲಿ ನೀರಿನ ಮಟ್ಟ ಓದುವ ಕೆಲಸದಲ್ಲಿದ್ದವನು. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ಅಳತೆಪಟ್ಟಿಯ ಮುಂದೆ ನಿಂತು, ಅಂಕಿ ನೋಡಿ, ಪುಸ್ತಕದಲ್ಲಿ ಬರೆದು, ಮೇಲಿನವರಿಗೆ ತಿಳಿಸಬೇಕು. ಮಳೆ ಇರಲಿ, ಜ್ವರ ಇರಲಿ, ಮನೆಯಲ್ಲಿ ಮದುವೆ ಇರಲಿ, ಆರಕ್ಕೆ ಅಂದರೆ ಆರಕ್ಕೆ. ಮೊದಲ ಕೆಲವು ವರ್ಷ ದೇವದುರ್ಗದ ಕಡೆ, ಉಳಿದದ್ದೆಲ್ಲ ಮಾನ್ವಿ ತಾಲೂಕಿನಲ್ಲಿ. ಒಟ್ಟು ಮೂವತ್ತೈದು ವರ್ಷ. ನಿವೃತ್ತಿಯಾಗಿ ಕಲ್ಲೂರಿನಲ್ಲಿ ನೆಲೆ ನಿಂತ ಮೇಲೂ ದೇಹ ಆ ಗಡಿಯಾರವನ್ನು ಬಿಡಲಿಲ್ಲ. ಆರಕ್ಕೆ ಎಲ್ಲಾದರೂ ನೀರಿನ ಮುಂದೆ ನಿಲ್ಲಬೇಕು. ಊರ ಹೊರಗೆ ಕೆರೆ ಇತ್ತು, ಅಲ್ಲಿಗೆ ಹೋಗತೊಡಗಿದೆ.

ಆ ಕೆರೆಯಲ್ಲಿ ಹನ್ನೊಂದು ಮನೆಯವರು ಮೀನು ಹಿಡಿಯುತ್ತಾರೆ. ಅವರಿಗೆಲ್ಲ ಹಿರಿಯಳು ಒಬ್ಬ ಹೆಂಗಸು. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಮೈಯಲ್ಲಿ ಮಾತ್ರ ನನ್ನ ಅರ್ಧ. ಊರೆಲ್ಲ ಅವಳನ್ನು ಯವ್ವಾ ಎನ್ನುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ಒಂದು ತಿಂಗಳು ನನ್ನನ್ನು ನೋಡಿ ನೋಡಿ ಒಂದು ದಿನ ಅವಳೇ ಮಾತಿಗೆ ಬಂದಳು.

"ದಿನಾ ಬಂದು ನೀರ ನೋಡಿಕೋತ ನಿಲ್ತೀರಿ. ಮೀನ ತಿಂತೀರೇನು?"

"ಇಲ್ಲ ಯವ್ವಾ. ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ಲ."

"ಹಂಗಾರ ನಮ್ಮ ಸಂಘದ ಬರಹ ನೀವೇ ನೋಡಿಕೊಳ್ರಿ. ತಿನ್ನಲಾರದ ಮನಶ್ಯಾನೇ ಬೇಕಾಗಿತ್ತು ನಮಗ. ನಮ್ಮವರ ಕೈಯಾಗ ಪುಸ್ತಕ ಕೊಟ್ರ ದಿನಾ ಒಂದು ಮೀನ ಕಮ್ಮಿ ಬೀಳ್ತದ."

ಹೀಗೆ ನಾನು ಒಪ್ಪಿಕೊಂಡೆ. ಯಾವ ದಿನ ಯಾರು ಬಲೆ ಹಾಕಿದರು, ಬಲೆಯ ಕಣ್ಣು ಎಷ್ಟು ಬೆರಳಿನದು, ಯಾವ ಮೀನು ಎಷ್ಟು ಬಂತು, ನೀರು ಎಷ್ಟು ಇಳಿಯಿತು, ಎಲ್ಲ ಬರೆದೆ. ಬಲೆಯ ಕಣ್ಣಿನಲ್ಲಿ ನಾಲ್ಕು ಬೆರಳು ಸಲೀಸಾಗಿ ಹೋಗಬೇಕೆಂಬುದು ಅವರ ನಿಯಮ. ಯಾರ ಬೆರಳು ಎಂದು ಜಗಳವಾಗುತ್ತಿತ್ತು. ನಾನು ಯವ್ವನ ಗಂಡನ ಕಾಲದ ಹಳೆಯ ಬಲೆಯೊಂದನ್ನು ತರಿಸಿ, ಅದರ ಕಣ್ಣಿನ ಅಳತೆಗೆ ಒಂದು ಕಟ್ಟಿಗೆಯ ತುಂಡು ಕೆತ್ತಿಸಿ, ಏರಿಯ ಮೇಲಿನ ಬೇವಿನ ಮರಕ್ಕೆ ದಾರ ಕಟ್ಟಿ ತೂಗುಬಿಟ್ಟೆ. ಜಗಳ ನಿಂತಿತು. ನನ್ನ ಮಾತಿಗೆ ಅಲ್ಲಿ ಬೆಲೆ ಬಂದದ್ದು ಆಗ. ಆ ಬೆಲೆಯೇ ಮುಂದೆ ಅನಾಹುತಕ್ಕೆ ಕಾರಣವಾಯಿತು.

ಈಗ ತಾಯಿಮಡುವಿನ ವಿಷಯ. ಬೇಸಿಗೆ ಏರಿದಂತೆ ಕೆರೆ ಬತ್ತುತ್ತ ಬತ್ತುತ್ತ ಪೂರ್ವ ದಿಕ್ಕಿನ ದೊಡ್ಡ ಬಂಡೆಯ ಹತ್ತಿರ ಒಂದು ಮಡು ಮಾತ್ರ ಉಳಿಯುತ್ತದೆ. ಉದ್ದ ಸುಮಾರು ನೂರಿಪ್ಪತ್ತು ಹೆಜ್ಜೆ, ನಡುವೆ ಸೊಂಟದ ಹಾಗೆ ಕಿರಿದು. ಯುಗಾದಿ ಕಳೆದ ಮೇಲೆ, ಮಳೆಗಾಲದ ಮೊದಲ ಹಳ್ಳ ಹರಿಯುವವರೆಗೆ, ಆ ಮಡುವಿಗೆ ಬಲೆ ಇಳಿಸುವ ಹಾಗಿಲ್ಲ. ಕಾಟ್ಲಾ, ರೋಹು ಈ ಕೆರೆಯವಲ್ಲ. ಅವುಗಳ ಮರಿಯನ್ನು ಪ್ರತಿವರ್ಷ ಹೊರಗಿನಿಂದ ತಂದು ಬಿಡಬೇಕು, ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. ಕೊರಮೀನು ಹಾಗಲ್ಲ. ಅದು ಈ ಕೆರೆಯಲ್ಲೇ ಹುಟ್ಟುವ ಮೀನು. ಕಪ್ಪು ಮೈ, ಹಾವಿನಂಥ ತಲೆ. ನೀರಿನ ಮೇಲೆ ಬಂದು ಗಾಳಿ ನುಂಗುತ್ತದೆ, ಆದ್ದರಿಂದ ಕೆಸರಿನಲ್ಲೂ ಬದುಕುತ್ತದೆ. ಮಳೆ ಬಿದ್ದ ಮೇಲೆ ಜೋಡಿಯಾಗಿ ಮರಿ ಮಾಡಿ, ಕೆಂಪು ಮರಿಗಳ ಹಿಂಡಿನ ಕೆಳಗೆ ಕಾವಲು ತಿರುಗುತ್ತದೆ. ಬೇಸಿಗೆಯಲ್ಲಿ ಆ ತಾಯಿಮೀನುಗಳು ಇರುವುದು ಈ ಮಡುವಿನ ಬಂಡೆಯ ಬುಡದಲ್ಲಿ. ಅವು ಹೋದರೆ ಕೆರೆಗೆ ತನ್ನದು ಎನ್ನುವ ಮೀನೇ ಇರುವುದಿಲ್ಲ, ಬೇರೆಯವರು ಮರಿ ಕೊಟ್ಟರೆ ಮೀನು, ಕೊಡದಿದ್ದರೆ ಬರೀ ನೀರು. ಹನ್ನೊಂದು ಮನೆಗಳಲ್ಲಿ ಕೆಲವರು ಆಗಲೇ ರಾಯಚೂರಿನ ಅಕ್ಕಿ ಗಿರಣಿಗಳಿಗೆ ಕೆಲಸಕ್ಕೆ ಹೋಗುವ ಮಾತಾಡುತ್ತಿದ್ದರು. ಕೊರಮೀನು ಇರುವವರೆಗೆ ಇವರು ಕೆರೆ ಬಿಡುವುದಿಲ್ಲ ಎಂಬುದು ಯವ್ವನ ಲೆಕ್ಕ.

ಕಳೆದ ಬೇಸಿಗೆ ಮಡು ಬೇಗನೆ ಸಣ್ಣದಾಯಿತು. ಅದರೊಳಗೆ ಕಾಟ್ಲಾ, ರೋಹು ಬಹಳ ಉಳಿದುಕೊಂಡಿದ್ದವು, ಯುಗಾದಿಗೆ ಮೊದಲು ಹಿಡಿದು ಮುಗಿಸಲು ಆಗಿರಲಿಲ್ಲ. ಒಂದು ಮುಂಜಾನೆ ನಾನು ಹೋದಾಗ ನೂರಾರು ಬಾಯಿಗಳು ನೀರಿನ ಮೇಲೆ ತೆರೆದು ಮುಚ್ಚುತ್ತಿದ್ದವು. ಇಡೀ ಮಡು ಪಿಸುಗುಟ್ಟಿದ ಹಾಗೆ ಸಪ್ಪಳ. ನೀರಿನಲ್ಲಿ ಉಸಿರು ಕಡಿಮೆಯಾದರೆ ಮೀನು ಹೀಗೆ ಮಾಡುತ್ತದೆ. ಬಿಸಿಲೇರಿದ ಮೇಲೆ ಒಳಗೆ ಹೋದವು. ಮರುದಿನ ಇನ್ನೂ ಹೆಚ್ಚು. ಮೂರನೆಯ ದಿನ ನಾಲ್ಕು ಕಾಟ್ಲಾ ಸತ್ತು ತೇಲುತ್ತಿದ್ದವು.

ಯವ್ವನ ಅಳಿಯ ದಂಡೆಯಲ್ಲಿ ಬಲೆ ಹೆಗಲಿಗೆ ಹಾಕಿಕೊಂಡೇ ನಿಂತಿದ್ದ. ನಲವತ್ತರ ಗಂಡಸು, ಕೆಲಸಗಾರ, ತಾಳ್ಮೆ ಇಲ್ಲದವನು.

"ಅತ್ತಿ, ಇವತ್ತ ಬಲಿ ಹಾಕೂಣು. ನಾಳಿ ಸತ್ತ ಮೀನ ಹೆಕ್ಕಬೇಕಾಗ್ತದ."

"ಹಾಕಂಗಿಲ್ಲ."

"ಕಾಟ್ಲಾ ಹಿಡದು ಕೊರಮೀನ ಬಿಡೂಣು."

"ಬಲಿ ಇಳದ ಮ್ಯಾಲ ಯಾವುದು ಹಿಡೀತಿ ಯಾವುದು ಬಿಡ್ತಿ? ಕೆಸರ ಕಲಸಿದ್ರ ಎಲ್ಲಾ ಒಂದೇ ಬಣ್ಣ. ನಿಮ್ಮ ಮಾವ ಇದ್ದಾಗೂ ಹಾಕಿಲ್ಲ, ನಾ ಇರೂತನಾನೂ ಹಾಕಂಗಿಲ್ಲ."

"ಮಾವಗ ಈ ಬಿಸಿಲ ಇರಲಿಲ್ಲ ಬಿಡು. ನಾ ಸಾಹುಕಾರಗ ಫೋನ್ ಮಾಡೀನಿ, ನಾಳಿ ಮುಂಜಾನೆ ಟೆಂಪೊ ತರ್ತಾನ."

ಸಾಹುಕಾರ ಎಂದರೆ ರಾಯಚೂರು ಮಾರುಕಟ್ಟೆಯ ಮೀನು ವ್ಯಾಪಾರಿ. ಯವ್ವ ನನ್ನ ಕಡೆ ತಿರುಗಿದಳು.

ನನಗೆ ಉಪಾಯ ಗೊತ್ತಿತ್ತು. ಮಡುವಿನ ಪಡುವಣ ತುದಿಗೆ ಭತ್ತದ ಗದ್ದೆಗಳ ಬಸಿಗಾಲುವೆ ಬಂದು ಸೇರುತ್ತದೆ. ಗದ್ದೆಯಿಂದ ಬಸಿದ ನೀರು ಅದರಲ್ಲಿ ಹರಿದು ಕೆರೆಯ ಪಕ್ಕದಿಂದ ಹಳ್ಳಕ್ಕೆ ಹೋಗುತ್ತದೆ. ಕೆರೆಗೆ ಬೇಕಾದರೆ ಒಂದು ಹಲಗೆ ಎತ್ತಿದರಾಯಿತು. ಎರಡು ಮುಂಜಾನೆ, ಒಂದೊಂದು ತಾಸು ಹೊಸ ನೀರು ಹರಿಸಿದರೆ ಮಡು ನಾಲ್ಕು ಬೆರಳು ಏರುತ್ತದೆ, ಮೀನು ಉಸಿರಾಡುತ್ತವೆ, ಬಲೆಯ ಮಾತೇ ಬರುವುದಿಲ್ಲ.

"ಗದ್ದಿಗೆ ಎಣ್ಣಿ ಹೊಡದಾರೇನು ಕೇಳೀರಾ?" ಎಂದಳು ಯವ್ವ. ಇಲ್ಲಿ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ.

"ಕೇಳೋದೇನದ ಯವ್ವಾ. ಇದು ತೆನಿ ಹಾಲ ತುಂಬೂ ಹೊತ್ತು. ಎಣ್ಣಿ ಹೊಡಿಯೂ ದಿನ ಯಾವತ್ತೋ ಮುಗದಾವ. ಮೂವತ್ತೈದು ವರ್ಷ ಈ ನೀರಿನ ಜೋಡಿ ಇದ್ದೀನಿ."

"ನೀವು ಅಂದ್ರ ಮುಗೀತು" ಎಂದಳು.

ಮರುದಿನ ಆರಕ್ಕೆ ಸರಿಯಾಗಿ ನಾನು, ಅಳಿಯ ಸೇರಿ ಸನಿಕೆಯಿಂದ ಮೀಟಿ ಹಲಗೆ ಎತ್ತಿದೆವು. ಕಂದು ನೀರು ಮಡುವಿನ ಹಸಿರು ನೀರಿಗೆ ಇಳಿಯಿತು. ಮೇಲೆ ಬಾಯಿ ತೆರೆದಿದ್ದ ಮೀನುಗಳು ಹೊಸ ನೀರಿನ ಕಡೆಗೆ ತಿರುಗಿದವು. ಯವ್ವ ಮುಖದ ಮೇಲೆ ಸೆರಗು ಒತ್ತಿಕೊಂಡು ನಕ್ಕಳು. ನಾನು ಕೈಗಡಿಯಾರ ನೋಡಿ ಬರೆದುಕೊಂಡೆ.

ಅಷ್ಟರಲ್ಲಿ ವ್ಯಾಪಾರಿಯ ಟೆಂಪೊ ಬಂತು. ಬಿಳಿ ಗಡ್ಡದ, ಗಟ್ಟಿ ದನಿಯ ಮನುಷ್ಯ. ಮನೆಯಲ್ಲಿ ದಖ್ಖನಿ, ಮಾರುಕಟ್ಟೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ.

"ಕ್ಯಾ ಯವ್ವಾ, ಬಲಿ ಎಲ್ಲಿ? ನಿನ್ನ ಅಳಿಯ ಮೀನ ಸಾಯಾಕತ್ತಾವ ಅಂತ ಅತ್ತುಬಿಟ್ಟ ಫೋನಿನ್ಯಾಗ. ಬರ್ಫ ಇಲ್ಲದ ಡಬ್ಬಿ ತೊಳಕೊಂಡು ಓಡಿ ಬಂದೀನಿ."

"ಬಲಿ ಇಲ್ಲ. ನೀರ ಬಿಟ್ಟೀವಿ ನೋಡು."

"ಹಾಳಾತು ನನ್ನ ಡೀಸೆಲ್ಲು! ನೀರ ನೋಡಾಕ ರಾಯಚೂರಿಂದ ಬರ್ಬೇಕೇನು ನಾನು?"

"ಚಾ ಕುಡದು ಹೋಗು. ಅಳಿಯ ಕರದಾನ, ಅಳಿಯನೇ ಕುಡಸ್ತಾನ."

ಅಳಿಯ ಗೊಣಗಿದ. ಎಲ್ಲರೂ ನಕ್ಕೆವು. ಆ ನಗು ಮುಗಿಯುವುದರೊಳಗೆ ನಾನು ಏಡಿಯನ್ನು ನೋಡಿದೆ.

ಬಸಿಗಾಲುವೆಯ ದಂಡೆಯ ಮೇಲೆ ಒಂದು ಏಡಿ ಬಿಸಿಲಿಗೆ ಬಂದು ಕೂತಿತ್ತು. ಅದರ ಹಿಂದೆ ಇನ್ನೊಂದು. ಬಗ್ಗಿ ನೋಡಿದರೆ ಕಾಲುವೆಯ ಎರಡೂ ದಂಡೆಗೆ ಸಾಲಾಗಿ ಹತ್ತುತ್ತಿದ್ದವು, ದೊಡ್ಡವು, ಸಣ್ಣವು, ಒಂದರ ಮೇಲೊಂದು ಬಿದ್ದು ಏಳುತ್ತ. ಹಗಲು ಹೊತ್ತು ಏಡಿ ಹೀಗೆ ನೀರು ಬಿಟ್ಟು ಬರುವುದಕ್ಕೆ ಕಾರಣ ಒಂದೇ. ನಾನು ಮೊಣಕಾಲೂರಿ ನೀರು ಬೊಗಸೆಯಲ್ಲಿ ತೆಗೆದುಕೊಂಡು ಮೂಸಿದೆ. ಕಹಿಬೇವು ಸುಟ್ಟಂಥ ವಾಸನೆ.

ಹೇಗೆ ಎಂಬುದು ಅದೇ ಕ್ಷಣದಲ್ಲಿ ಹೊಳೆಯಿತು. ಆ ವರ್ಷ ಕಾಲುವೆಗೆ ನೀರು ಇಪ್ಪತ್ತು ದಿನ ತಡವಾಗಿ ಬಂದಿತ್ತು. ನಾಟಿಯೂ ಇಪ್ಪತ್ತು ದಿನ ತಡ. ತೆನೆ ಹಾಲು ತುಂಬಿರಲಿಲ್ಲ, ಈಗಷ್ಟೇ ಹೊರಬರುತ್ತಿತ್ತು. ಜಿಗಿಹುಳುವಿಗೆ ಎಣ್ಣೆ ಹೊಡೆಯುವುದು ಸರಿಯಾಗಿ ಈ ವಾರವೇ. ನೀರು ತಡವಾಗಿ ಬಂದದ್ದನ್ನು ನಾನೇ ನನ್ನ ಪುಸ್ತಕದಲ್ಲಿ ಬರೆದಿದ್ದೆ. ಬರೆದವನು ಅದನ್ನು ಕೂಡಿಸಲಿಲ್ಲ. ಹಳೆಯ ವರ್ಷಗಳ ಕಾಲಪಟ್ಟಿ ತಲೆಯಲ್ಲಿತ್ತು, ಅದನ್ನೇ ಓದಿ ಹೇಳಿಬಿಟ್ಟಿದ್ದೆ. ಮೇಲಿನ ಗದ್ದೆಯವನು ನನಗೆ ಪರಿಚಯದವನೇ. ಒಂದು ಫೋನು ಸಾಕಿತ್ತು.

"ಹಲಗಿ ಇಳಸ್ರಿ!" ಎಂದು ಕೂಗಿದೆ. "ನೀರಾಗ ಎಣ್ಣಿ ಅದ! ಇಳಸ್ರಿ!"

ಅಳಿಯ ಓಡಿ ಹಲಗೆಯ ಮೇಲೆ ನಿಂತು ತುಳಿದ. ಅರ್ಧ ಇಳಿದು ನಿಂತಿತು, ಕೆಳಗೆ ಕಲ್ಲು ಸಿಕ್ಕಿಕೊಂಡಿತ್ತು. ಅವನು ನೀರಿಗೆ ಹಾರಿ ಬೆನ್ನು ಕೊಟ್ಟು ಕಂಡಿಯನ್ನು ಮುಚ್ಚಿದ. ನಾನು, ವ್ಯಾಪಾರಿ ಸೇರಿ ಟೆಂಪೊದಲ್ಲಿದ್ದ ಗೋಣಿಚೀಲಗಳಿಗೆ ಮಣ್ಣು ತುಂಬಿ ಅವನ ಪಕ್ಕಕ್ಕೆ ತಳ್ಳಿದೆವು. ಕೊನೆಯ ಚೀಲ ಕೂತಾಗ ಅವನನ್ನು ಎಳೆದುಕೊಂಡು ಬೇವಿನ ಮರದ ಹತ್ತಿರ ಕೂರಿಸಿ, ಕುಡಿಯುವ ನೀರಿನ ಕ್ಯಾನು ಪೂರ್ತಿ ಅವನ ಬೆನ್ನಿಗೆ ಸುರಿದೆ. ಚರ್ಮ ಕೆಂಪಾಗಿತ್ತು. ಗಡಿಯಾರ ನೋಡಿದೆ. ಇಪ್ಪತ್ತಾರು ನಿಮಿಷ ನೀರು ಹರಿದಿತ್ತು.

ಯವ್ವ ಮಡುವಿನ ದಂಡೆಯಲ್ಲಿ ನಿಂತವಳು ನಿಂತಲ್ಲೇ ಇದ್ದಳು. ನಾನು ಹೋಗಿ ಎದುರು ನಿಂತೆ.

"ಯವ್ವಾ, ತಪ್ಪು ನನ್ನದು. ಗದ್ದಿಯವರನ್ನ ಕೇಳಬೇಕಾಗಿತ್ತು."

"ಗೊತ್ತದ" ಎಂದಳು. "ಈಗ ಹೇಳ್ರಿ, ಈ ನೀರು ಬಂಡಿಗಲ್ಲಿನತನಾ ಯಾವಾಗ ಮುಟ್ಟತದ?"

ಅವಳು ತೋರಿಸಿದ ಕಡೆ ನೋಡಿದೆ. ಮಡುವಿನ ನೀರಿನಲ್ಲಿ ಒಂದು ಗೆರೆ ಕಾಣುತ್ತಿತ್ತು. ಈ ಕಡೆ ಕಂದು, ಆ ಕಡೆ ಹಸಿರು. ಒಳಹರಿವು ನಿಂತಿದ್ದರೂ ಪಡುವಣ ಗಾಳಿ ಆ ಗೆರೆಯನ್ನು ಬಂಡೆಯ ಕಡೆಗೆ ತಳ್ಳುತ್ತಿತ್ತು. ಕಂದು ನೀರಿನೊಳಗಿದ್ದ ಕಾಟ್ಲಾಗಳು ಸುತ್ತು ತಿರುಗತೊಡಗಿದ್ದವು. ಒಂದು ಮೇಲಕ್ಕೆ ಹಾರಿ ಪಕ್ಕಕ್ಕೆ ಬಿತ್ತು, ಮತ್ತೆ ನೆಟ್ಟಗಾಗಲಿಲ್ಲ. ನಾನು ದಂಡೆಯಲ್ಲಿ ಒಂದು ಕಡ್ಡಿ ನೆಟ್ಟು ಗೆರೆ ಅದನ್ನು ದಾಟುವುದನ್ನು ನೋಡಿದೆ. ನಿಮಿಷಕ್ಕೆ ಎರಡು ಹೆಜ್ಜೆ.

"ಅರ್ಧ ತಾಸು. ಹೆಚ್ಚಿಗಿಲ್ಲ."

"ನಡುವ ಕಟ್ಟಿದ್ರ?"

ಮಡು ನಡುವೆ ಕಿರಿದಾಗಿದ್ದ ಜಾಗ ಆ ಗೆರೆಯಿಂದ ಹದಿನೈದು ಹೆಜ್ಜೆ ಮುಂದಿತ್ತು. ವ್ಯಾಪಾರಿ ನಮ್ಮ ಮುಖ ನೋಡಿ ತಾನೇ ಅರ್ಥಮಾಡಿಕೊಂಡ. ಟೆಂಪೊದ ಮೇಲಿನ ತಾಡಪಾಲಿನ ಹಗ್ಗ ಬಿಚ್ಚತೊಡಗಿದ.

"ಹೋಗಲಿ ಇದೂ ಹೋಗಲಿ. ಚಾ ಕುಡಿಯಾಕ ಅಂತ ಕರದು ಈಜಾಕ ಹಚ್ಚತೀರಿ" ಎಂದು ಬಯ್ಯುತ್ತಲೇ ಎರಡು ತುದಿಗೆ ಬಿದಿರು ಕಟ್ಟಿದ. ಕೆಳಗಿನ ಅಂಚಿಗೆ ಅಳಿಯ ತನ್ನ ಬಲೆಯ ಸೀಸದ ಗುಂಡುಗಳನ್ನು ಕತ್ತರಿಸಿ ಪೋಣಿಸಿದ. ಬಲೆ ಹಾಕಬೇಕೆಂದು ಬಂದವನು ಬಲೆಯನ್ನೇ ಕತ್ತರಿಸಿದ್ದನ್ನು ನಾನು ಗಮನಿಸಿದೆ. ವ್ಯಾಪಾರಿ ಒಂದು ಬಿದಿರು, ನಾನು ಒಂದು ಬಿದಿರು ಹಿಡಿದು ಎದೆಮಟ್ಟದ ನೀರಿಗೆ ಇಳಿದು ಪರದೆಯಂತೆ ಅಡ್ಡ ಹಿಡಿದೆವು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಕೆರೆಗೆ ಇಳಿದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕಾಲು ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತವು. ಕಂದು ಗೆರೆ ಬಂದು ತಾಡಪಾಲಿಗೆ ತಾಗಿ ನಿಂತಿತು. ಪೂರ್ತಿ ನಿಲ್ಲಲಿಲ್ಲ. ಅಂಚುಗಳಿಂದ ಎಳೆಎಳೆಯಾಗಿ ಈ ಕಡೆ ಬರುತ್ತಿತ್ತು.

ಯವ್ವ ಸೀರೆಯನ್ನು ಕಚ್ಚೆ ಹಾಕಿ ಬಂಡೆಯ ಬುಡಕ್ಕೆ ಇಳಿದಳು. ಕೈ ಬರಿದು. ಯುಗಾದಿಯಾದ ಮೇಲೆ ತಾಯಿಮಡುವಿನ ಮೀನಿಗೆ ಕೈ ಹಚ್ಚುವುದೂ ತಪ್ಪೇ. ಅವಳು ಒಂದು ಕ್ಷಣ ಎರಡೂ ಕೈ ಜೋಡಿಸಿ ನೀರಿಗೆ ಮುಟ್ಟಿಸಿ ಹಣೆಗೆ ಒತ್ತಿಕೊಂಡು, ಗಲ್ಲದವರೆಗೆ ಮುಳುಗಿ ಬಂಡೆಯ ಕೆಳಗಿನ ಪೊಟರೆಗೆ ತೋಳು ಚಾಚಿದಳು.

"ಚೀಲ!"

ಅಳಿಯ ಹಸಿ ಗೋಣಿಚೀಲ ಬಾಯಿ ತೆರೆದು ಹಿಡಿದ. ಅವಳ ಕೈಯಲ್ಲಿ ಮೊಳದುದ್ದದ ಕರಿಯ ಮೀನು, ಕಿವಿರಿನ ಹಿಂದೆ ಅವಳ ಹೆಬ್ಬೆರಳು. ಅದು ಬಾಲದಿಂದ ಅವಳ ಮುಖಕ್ಕೆ ಹೊಡೆಯಿತು. ಚೀಲದೊಳಗೆ ಹೋಯಿತು.

"ಇದರ ಗಂಡು ಇಲ್ಲೇ ಇರಬೇಕು. ಜೋಡಿ ತಪ್ಪಸಬ್ಯಾಡ, ಒಂದೇ ಚೀಲದಾಗ ಹಾಕು" ಎನ್ನುತ್ತ ಮತ್ತೆ ಮುಳುಗಿದಳು.

ಒಂದೊಂದು ಪೊಟರೆಯೂ ಅವಳಿಗೆ ಗೊತ್ತಿತ್ತು. ಎಡಗೈ ತೂರಿಸುವುದು, ಬಲಗೈ ಬಾಗಿಲಲ್ಲಿ ಇಡುವುದು. ಕೊರಮೀನಿಗೆ ಹಲ್ಲಿದೆ, ನಾಲ್ಕನೆಯ ಮೀನಿನ ಹೊತ್ತಿಗೆ ಅವಳ ಬೆರಳುಗಳಿಂದ ರಕ್ತ ಬರುತ್ತಿತ್ತು. ಅಳಿಯ ಎಣಿಸುತ್ತಿದ್ದ. ಎಂಟು. ಒಂಬತ್ತು. ಆ ಕಡೆಯಿಂದ ವ್ಯಾಪಾರಿ, "ಸರ, ನಿಮ್ಮ ಕಡಿ ಕೋಲು ಬಾಗಾಕತ್ತದ, ನೆಟ್ಟಗ ಹಿಡೀರಿ. ನಾ ನಿಮಗಿಂತ ಎರಡು ವರ್ಷ ದೊಡ್ಡಾವ, ನಾ ಹಿಡದಿಲ್ಲೇನು?" ಎಂದ. ನೆಟ್ಟಗೆ ಹಿಡಿದೆ. ತಾಡಪಾಲಿನ ಹಿಂದೆ ರೋಹುಗಳು ಬಂದು ಬಂದು ಗುದ್ದುತ್ತಿದ್ದವು. ಅವುಗಳಿಗೆ ಈ ಕಡೆ ಬರಲು ದಾರಿ ಬೇಕಾಗಿತ್ತು. ಒಂದೊಂದು ಗುದ್ದೂ ಬಿದಿರಿನಿಂದ ನನ್ನ ಅಂಗೈಗೆ ಬರುತ್ತಿತ್ತು. ಬಿಡುವ ಹಾಗಿರಲಿಲ್ಲ. ಆಮೇಲಾಮೇಲೆ ಗುದ್ದು ಕಡಿಮೆಯಾಯಿತು.

"ಇಪ್ಪತ್ತಮೂರು" ಎಂದ ಅಳಿಯ.

"ಇನ್ನೂ ಅವ. ಒಳಗಿನ ಪೊಟರಿಗೆ ಕೈ ಮುಟ್ಟವಲ್ದು." ಯವ್ವನ ದನಿ ಒಡೆದಿತ್ತು. ಎಳೆಎಳೆಯಾಗಿ ಬಂದ ಕಂದು ಬಣ್ಣ ಅವಳ ಸುತ್ತಲೇ ಹರಡಿತ್ತು. ಕಣ್ಣು ಉರಿದು ನೀರು ಸುರಿಯುತ್ತಿತ್ತು. ಮತ್ತೆ ಮುಳುಗಲು ಹೋದಳು. ಅಳಿಯ ಅವಳ ಎರಡೂ ಕಂಕುಳಲ್ಲಿ ಕೈ ಹಾಕಿ ಎತ್ತಿ ದಂಡೆಗೆ ಹಾಕಿದ. "ಬಿಡಲೇ" ಎಂದು ಅವನ ಕೆನ್ನೆಗೆ ಹೊಡೆದಳು. ಹೊಡೆಸಿಕೊಂಡು ಬಿಡಲಿಲ್ಲ.

ಮೀನು ಒಯ್ಯುವುದೆಲ್ಲಿಗೆ? ತುಂಗಭದ್ರೆಗೆ ಒಯ್ಯೋಣ, ಚೀಕಲಪರ್ವಿಯ ಹತ್ತಿರ ಬಿಡೋಣ ಎಂದ ಅಳಿಯ. ಹೊಳೆಗೆ ಬಿಟ್ಟ ಮೀನು ಕೆರೆಗೆ ತಿರುಗಿ ಬರುವುದಿಲ್ಲ ಎಂದಳು ಯವ್ವ. ನಮ್ಮ ಮನೆಯ ಅಂಗಳದಲ್ಲಿ ಒಂದು ದೊಡ್ಡ ಗಚ್ಚಿನ ತೊಟ್ಟಿ ಇದೆ, ಕೊಳವೆಬಾವಿಯ ನೀರು. ನಾನು ಅದನ್ನು ಹೇಳಿದೆ. ವ್ಯಾಪಾರಿಯ ಬಿಳಿ ಡಬ್ಬಿಗಳಲ್ಲಿ ಹಸಿ ಗೋಣಿ ಹಾಸಿ, ಜೋಡಿ ಜೋಡಿಯಾಗಿ ಮಲಗಿಸಿ, ಮುಚ್ಚಳ ಸಡಿಲ ಮುಚ್ಚಿದೆವು. ಕೊರಮೀನು ಗಾಳಿಯಲ್ಲಿ ಉಸಿರಾಡುವುದರಿಂದ ಅಷ್ಟು ದೂರಕ್ಕೆ ನೀರು ಬೇಕಿರಲಿಲ್ಲ.

ಹೊರಡುವ ಮುಂಚೆ ಅಳಿಯ ಮಡುವಿನ ಕಡೆ ನೋಡಿದ. ದೊಡ್ಡ ದೊಡ್ಡ ಕಾಟ್ಲಾಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಸಾಹುಕಾರ, ಕೆಲವು ಇನ್ನೂ ಉಸಿರಾಡಾಕತ್ತಾವ. ಈಗ ಹಿಡದು ಪ್ಯಾಟಿಗೆ ಒಯ್ದು ಬರ್ಫದಾಗ ಇಟ್ರ ಯಾರಿಗಿ ಗೊತ್ತಾಗ್ತದ?"

"ನನಗ ಗೊತ್ತಾಗ್ತದಲ್ಲಪ್ಪಾ."

"ಹನ್ನೊಂದು ಮನಿ ಅವ. ಏನೂ ಇಲ್ಲದಂಗ ಆತು ಈ ಬ್ಯಾಸಗಿ."

"ನಕ್ಕೋ, ಬ್ಯಾಡ. ತಗೊಂಡವರ ಮನ್ಯಾಗ ಮಕ್ಕಳಿರ್ತಾರ. ಹೂಳಬೇಕು ಇವನ್ನ. ನಾಯಿಗೂ ಸಿಗದಂಗ ಹೂಳಬೇಕು." ಅವನು ತಾಡಪಾಲನ್ನೂ ಟೆಂಪೊಗೆ ಹಾಕಲಿಲ್ಲ, ಅಲ್ಲೇ ಬಿಟ್ಟ.

ಹನ್ನೊಂದು ಮನೆಯವರೂ ಬಂದು ಸಂಜೆಯವರೆಗೆ ಮೀನು ಎತ್ತಿ, ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ನನ್ನೆದುರು ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಸರಿಯಾಗಿತ್ತು.

ಮನೆಯಲ್ಲಿ ನನ್ನ ಹೆಂಡತಿ ತೊಟ್ಟಿಯ ಮುಂದೆ ನಿಂತು ನೋಡಿದಳು. ಆ ತೊಟ್ಟಿಯ ನೀರಿನಿಂದಲೇ ಅವಳ ಪೂಜೆ, ಅಡಿಗೆ ಎಲ್ಲ.

"ಪೂಜಿ ನೀರು ಎಲ್ಲಿಂದ ತರಲಿ ಈಗ?"

"ನಾ ತಂದು ಕೊಡ್ತೀನಿ. ಮಳಿ ಬರೂತನಾ."

"ಇವು ಏನ ತಿಂತಾವ?"

ಹೇಳಿದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಆದರೆ ಮರುದಿನ ತೊಟ್ಟಿಯ ಮೇಲೆ ಹೊದಿಸಲು ತನ್ನ ಹಳೆಯ ಸೀರೆಯೊಂದನ್ನು ತಂದಿಟ್ಟಿದ್ದಳು, ಏಕೆಂದರೆ ಕೊರಮೀನು ಹಾರುತ್ತದೆ. ಮೊದಲ ದಿನವೇ ಎರಡು ಸತ್ತಿದ್ದವು. ಇನ್ನೊಂದು ಹಾರಿ ಅಂಗಳದಲ್ಲಿ ಒಣಗಿ ಬಿದ್ದಿತ್ತು. ಮುಂದಿನ ವಾರಗಳಲ್ಲಿ ಇನ್ನೂ ಮೂರು ಹೋದವು. ವ್ಯಾಪಾರಿ ಮಾನ್ವಿ ಕಡೆ ಹೋಗುವಾಗೆಲ್ಲ ಒಂದು ಪೊಟ್ಟಣದಲ್ಲಿ ಕೋಳಿಯ ಕರುಳು ತಂದು ಬಾಗಿಲಲ್ಲಿ ಕೂಗುತ್ತಿದ್ದ, "ಸರ, ನಿಮ್ಮ ಮನಿ ಪ್ರಸಾದ ಬಂದದ!" ನಾನು ಕೋಲಿನ ತುದಿಗೆ ಚುಚ್ಚಿ ನೀರಿಗೆ ಇಳಿಸುತ್ತಿದ್ದೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ.

ಯವ್ವನ ಕಣ್ಣು ಎಂಟು ದಿನ ಊದಿಕೊಂಡಿದ್ದವು. ಮಾನ್ವಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೋಗುವಾಗಲೂ ಬರುವಾಗಲೂ ಬಸ್ಸಿನಲ್ಲಿ ಅವಳು ನನ್ನೊಡನೆ ಮಾತಾಡಲಿಲ್ಲ. ಸಂಘದ ಪುಸ್ತಕವನ್ನು ಅವಳ ಮನೆಗೆ ಒಯ್ದು ಕೊಟ್ಟೆ. ತೆಗೆದುಕೊಂಡಳು, ಗೂಟಕ್ಕಿದ್ದ ಚೀಲದಲ್ಲಿ ಇಟ್ಟಳು. ಬೇಡ, ನೀವೇ ಇಟ್ಟುಕೊಳ್ಳಿ ಎನ್ನುತ್ತಾಳೆಂದು ನಿರೀಕ್ಷಿಸಿದ್ದೆ ಎಂಬುದು ಆಮೇಲೆ ದಾರಿಯಲ್ಲಿ ನನಗೇ ತಿಳಿಯಿತು.

ಮಡುವಿನ ನೀರು ಸರಿಯಾಯಿತೋ ಇಲ್ಲವೋ ನೋಡಬೇಕಿತ್ತು. ಬುಟ್ಟಿಗೆ ಸೊಳ್ಳೆಪರದೆ ಕಟ್ಟಿ, ಬೇರೆ ಹೊಂಡದಿಂದ ತಂದ ಐದು ಪಕ್ಕಿ ಮೀನು, ಬೆರಳುದ್ದದವು, ಒಳಗೆ ಬಿಟ್ಟು, ಮಡುವಿನಲ್ಲಿ ಮುಳುಗಿಸಿ ಇಟ್ಟೆ. ಮೊದಲ ಬಾರಿ ಮಧ್ಯಾಹ್ನದೊಳಗೆ ಐದೂ ಸತ್ತವು. ವಾರ ಬಿಟ್ಟು ಮತ್ತೆ ಇಟ್ಟೆ, ಮರುದಿನ ಎರಡು ಉಳಿದವು. ಮುಂಗಾರಿನ ಮೊದಲ ಎರಡು ಮಳೆ ಬಿದ್ದು ಹಳ್ಳ ಹರಿದು ಕೆರೆಗೆ ಕೆಂಪು ನೀರು ಬಂದ ಮೇಲೆ ಮೂರು ದಿನ ಐದೂ ಬದುಕಿದ್ದವು. ಆ ಮೂರೂ ದಿನ ಬಸಿಗಾಲುವೆಯ ಉದ್ದಕ್ಕೂ ಗದ್ದೆಯವರಲ್ಲಿ ಒಬ್ಬೊಬ್ಬರ ಮನೆಗೂ ಹೋಗಿ ಎಣ್ಣೆ ಹೊಡೆಯುತ್ತಿದ್ದಾರೆಯೇ ಎಂದು ಕೇಳಿ ಬಂದೆ. ಆಮೇಲೆ ಯವ್ವನಿಗೆ ಹೇಳಿದೆ.

ಅವಳು ಬುಟ್ಟಿಯನ್ನು ತಾನೇ ಎತ್ತಿ ನೋಡಿದಳು. ಮೀನುಗಳನ್ನು ಅಂಗೈಗೆ ಹಾಕಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿ ನೀರಿಗೆ ಬಿಟ್ಟಳು.

"ನಾಳಿ ತರ್ರಿ" ಎಂದಳು.

ಹದಿನೇಳು ಕೊರಮೀನು ಕೆರೆಗೆ ವಾಪಸು ಹೋದವು. ಜೋಡಿ ಎಷ್ಟು ಉಳಿದಿದ್ದವೋ, ತೊಟ್ಟಿಯ ಗೋಡೆಗಳ ನಡುವೆ ಎರಡು ತಿಂಗಳು ಇದ್ದ ಮೀನು ಮರಿ ಮಾಡುತ್ತದೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಕಾಯುವುದು. ಕೆರೆ ತುಂಬಿತು. ಜೊಂಡು ಬೆಳೆಯಿತು. ಕೊರಮೀನಿನ ಮರಿಗಳು ಹುಟ್ಟಿದರೆ ಜೊಂಡಿನ ಅಂಚಿನಲ್ಲಿ ನೀರಿನ ಮೇಲೆ ಕೆಂಪು ಕಲೆಯ ಹಾಗೆ ಕಾಣಬೇಕು. ಹಿಂದಿನ ವರ್ಷಗಳಲ್ಲಿ ಆ ಹೊತ್ತಿಗೆ ಏರಿಯಿಂದಲೇ ಆರೇಳು ಕಡೆ ಕಾಣುತ್ತಿದ್ದವು. ಒಂದು ವಾರ ಹೋಯಿತು, ಎರಡು ಹೋಯಿತು. ಬೆಳಿಗ್ಗೆ ನಾನು ಪಡುವಣ ದಂಡೆಯಿಂದ ಹೊರಡುತ್ತಿದ್ದೆ, ಯವ್ವ ಮೂಡಣದಿಂದ. ನಡುವೆ ಎದುರಾದಾಗ ನಾನು ತಲೆ ಅಲ್ಲಾಡಿಸುತ್ತಿದ್ದೆ, ಅವಳೂ. ಅಷ್ಟೇ. ಹನ್ನೊಂದು ಮನೆಗಳಲ್ಲಿ ಇಬ್ಬರು ಗಂಡಸರು ರಾಯಚೂರಿನ ಗಿರಣಿಗೆ ಹೋಗಿಬಿಟ್ಟರು. ಅಳಿಯನೂ ಬಟ್ಟೆ ಕಟ್ಟಿಟ್ಟಿದ್ದಾನೆ ಎಂದು ಕೇಳಿದೆ. ಕತ್ತರಿಸಿದ ಬಲೆಗೆ ಅವನು ಹೊಸ ಸೀಸದ ಗುಂಡುಗಳನ್ನು ಇನ್ನೂ ಕಟ್ಟಿರಲಿಲ್ಲ.

ಒಂದು ಬೆಳಿಗ್ಗೆ ನಾವಿಬ್ಬರೂ ಎದುರಾಗುವ ಮೊದಲೇ ಅವಳು ದೂರದಲ್ಲಿ ನಿಂತುಬಿಟ್ಟಳು. ಕೈ ಎತ್ತಿ ನನ್ನನ್ನೂ ನಿಲ್ಲಿಸಿದಳು. ನಾನು ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಅವಳ ಪಕ್ಕಕ್ಕೆ ಹೋದೆ. ಜೊಂಡಿನ ಸಂದಿಯಲ್ಲಿ ನೀರು ಮುರಿಮುರಿಯಾಗಿ ಕುದಿಯುವ ಹಾಗೆ ಕಾಣುತ್ತಿತ್ತು. ನಡುವೆ ಮೊರದಗಲದ ಕೆಂಪು. ಸಾಸಿವೆಗಿಂತ ಸ್ವಲ್ಪ ದೊಡ್ಡ ತಲೆಗಳು, ಸಾವಿರಾರು, ಒಟ್ಟಿಗೆ ಮೇಲೆ ಬಂದು ಒಟ್ಟಿಗೆ ಇಳಿಯುತ್ತಿದ್ದವು.

ಅಳಿಯ ಹಿಂದಿನಿಂದ ಬಂದಿದ್ದ. "ಇದೊಂದೇ ಏನು?" ಎಂದು ಪಿಸುಗುಟ್ಟಿದ.

"ಇಷ್ಟು ದಿನದಾಗ ಕಂಡದ್ದು ಇದೊಂದೇ" ಎಂದೆ.

ಆಗಲೇ ಎದುರಿನ ಜಾಲಿಯ ಕೊಂಬೆಯಿಂದ ಒಂದು ಮಿಂಚುಳ್ಳಿ ನೆಟ್ಟಗೆ ಆ ಕೆಂಪಿನ ಮೇಲೆ ಎರಗಿತು. ಮರಿಗಳು ಚದುರಿ ಮಾಯವಾದವು. ಯವ್ವ ನನ್ನ ಮುಂಗೈ ಹಿಡಿದಳು, ಉಗುರು ಚುಚ್ಚುವಷ್ಟು ಬಿಗಿಯಾಗಿ. ನೀರು ಒಡೆದು ಕರಿಯ ತಲೆಯೊಂದು ಮೇಲೆ ಚಿಮ್ಮಿತು, ಹಕ್ಕಿ ಕಿರುಚಿ ತಪ್ಪಿಸಿಕೊಂಡು ಮೇಲೆದ್ದಿತು, ಕೊಕ್ಕಿನಲ್ಲಿ ಏನೂ ಇರಲಿಲ್ಲ. ಉಂಗುರಗಳು ಜೊಂಡಿಗೆ ಬಂದು ಮುಟ್ಟಿದವು. ಆಮೇಲೆ ನೀರು ನಿಂತಿತು. ಕೆಂಪು ಎಲ್ಲೂ ಇಲ್ಲ.

ಮೂವರೂ ನಿಂತೇ ಇದ್ದೆವು. ನಾನು ಗಡಿಯಾರ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಅದೇ ಜಾಗದಿಂದ ಎರಡು ಮಾರು ಆಚೆ, ಜೊಂಡಿನ ಇನ್ನಷ್ಟು ಒಳಗೆ, ಮೊದಲು ಹತ್ತಿಪ್ಪತ್ತು ತಲೆಗಳು, ಆಮೇಲೆ ಉಳಿದವು, ಮೊರದಗಲ ಮತ್ತೆ ಕೂಡಿಕೊಂಡವು. ಅವುಗಳ ಕೆಳಗೆ ಒಂದು ಕಪ್ಪು ನೆರಳು, ಅದರ ಪಕ್ಕದಲ್ಲಿ ಇನ್ನೊಂದು.

"ಜೋಡಿ ಅದ" ಎಂದಳು ಯವ್ವ. ನನ್ನ ಮುಂಗೈ ಬಿಟ್ಟು ಅಳಿಯನ ಕಡೆ ತಿರುಗಿದಳು. "ಈ ಕಡಿಗೆ ಯಾರೂ ಗಾಳ ತರಬಾರದು ಅಂತ ಎಲ್ಲಾರ ಮನಿಗೂ ಹೋಗಿ ಹೇಳಿ ಬಾ. ಹಂಗೇ ನಮ್ಮ ಮನ್ಯಾಗ ಗೂಟಕ್ಕ ಪುಸ್ತಕದ ಚೀಲ ಅದ, ತಗೊಂಡು ಬಾ. ಸರ ಬರ್ಕೊಳ್ಳಲಿ."

ಅಳಿಯ ಏರಿಯ ಮೇಲೆ ಓಡಿದ. ನಾವಿಬ್ಬರೂ ಅಲ್ಲೇ ನಿಂತೆವು. ಮಿಂಚುಳ್ಳಿ ಜಾಲಿಯ ಕೊಂಬೆಗೆ ವಾಪಸು ಬಂದು ಕೂತಿತ್ತು. ಯವ್ವ ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡು ಕೈಯಲ್ಲಿ ಹಿಡಿದಳು. ನಾನೂ ಒಂದು ಎತ್ತಿಕೊಂಡೆ.